ಸರ್ಕ್ಯುಲರಿನಲ್ಲಿ ನಾನು ಓದದೆ ಬಿಟ್ಟ ಸಾಲು

ನನ್ನ ಜಾಗಕ್ಕೆ ಬಂದ ಪ್ರಶಾಂತ ಎಂ.ಎ. ಓದಿದವನು. ನಾನು ಓದಿದ್ದು ಏಳನೆಯ ತರಗತಿ. ನಿವೃತ್ತಿಯ ದಿನ ಶಾಲೆಯ ಬೀಗದ ಕೈಗಳ ಗೊಂಚಲನ್ನು ಒಪ್ಪಿಸುವಾಗ ಅವನು, ಪ್ಯೂನ್ ಕೆಲಸದಲ್ಲಿ ಎಲ್ಲಕ್ಕಿಂತ ಜಾಗ್ರತೆಯಾಗಿ ನೋಡಿಕೊಳ್ಳಬೇಕಾದ್ದು ಯಾವುದು ಎಂದು ಕೇಳಿದ. ಗಂಟೆ ತಪ್ಪಬಾರದು, ಲ್ಯಾಬಿನ ಕಿಟಕಿ ಮುಚ್ಚಿದೆಯೇ ಎಂದು ಎರಡು ಸಲ ನೋಡು ಎಂದು ಹೇಳಿ ಬಂದೆ. ಅದು ಸುಳ್ಳಲ್ಲ, ಆದರೆ ಅವನ ಪ್ರಶ್ನೆಗೆ ಉತ್ತರವೂ ಅಲ್ಲ. ಶಾಲೆಗೆ ಬಂದ ಕಾಗದವನ್ನು ಕೊನೆಯ ಸಾಲಿನವರೆಗೆ ಓದಬೇಕು, ಓದಿದ್ದನ್ನು ಪೂರ್ತಿ ಹೇಳಬೇಕು. ಇದು ಉತ್ತರ. ಇದನ್ನು ನಾನು ಹೇಗೆ ಕಲಿತೆ ಎಂದು ನಿಂತ ನಿಲುವಿನಲ್ಲಿ ಹೇಳಲು ಧೈರ್ಯ ಬರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ, ಜೀಪು ಹೋಗುವ ದಾರಿಯಲ್ಲಿರುವ ಒಂದು ಅನುದಾನಿತ ಹೈಸ್ಕೂಲು. ಕನ್ನಡ ಮಾಧ್ಯಮ. ಮನೆಯಲ್ಲಿ ತುಳು, ಬ್ಯಾರಿ ಮಾತಾಡುವ ಮಕ್ಕಳು ಇಲ್ಲಿ ಕನ್ನಡದಲ್ಲಿ ಪಾಠ ಓದುತ್ತಾರೆ. ಆದರೆ ಸರಕಾರದ ಕಾಗದ ಬರುವುದು ಮಲಯಾಳದಲ್ಲಿ. ನಾನು ಸೇರಿದ ಕಾಲಕ್ಕೆ ಹೆಡ್‌ಮಾಷ್ಟ್ರಾಗಿದ್ದವರು ಈಶ್ವರ ಮಾಷ್ಟ್ರು. ಅವರು ಓದಿದ್ದೆಲ್ಲ ಕನ್ನಡ, ಟ್ರೈನಿಂಗು ಮಂಗಳೂರಿನಲ್ಲಿ. ಮಲಯಾಳ ಮಾತು ಹೇಗೋ ನಡೆಯುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಉಳಿದ ಅಧ್ಯಾಪಕರದ್ದೂ ಹಾಗೆಯೇ. ನನಗೆ ಬರುತ್ತಿತ್ತು. ಅಪ್ಪ ತೀರಿಹೋದ ಮೇಲೆ ಕಣ್ಣೂರಿನ ಒಂದು ಹೋಟೆಲಿನಲ್ಲಿ ಐದು ವರ್ಷ ಲೋಟ ತೊಳೆದಿದ್ದೆ. ತಿಂಡಿ ಕಟ್ಟುವ ಹಳೆಯ ಪೇಪರುಗಳನ್ನು ನೋಡಿ ನೋಡಿ ಓದಲು ಕಲಿತಿದ್ದೆ. ಹಾಗಾಗಿ ಇಡೀ ಶಾಲೆಯಲ್ಲಿ ಎಲ್ಲರಿಗಿಂತ ಕಡಿಮೆ ಓದಿದ ನಾನೇ ಶಾಲೆಗೆ ಬಂದ ಎಲ್ಲ ಕಾಗದಗಳನ್ನು ಓದುವವನಾದೆ. ತಪಾಲು ಒಡೆದ ಕೂಡಲೇ ಮಾಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಓದು ಮಾರಾಯ, ಅವರಿಗೆ ಇವತ್ತು ಎಂತ ಬೇಕಂತೆ?" ಎನ್ನುತ್ತಿದ್ದರು. ನಾನು ಕಣ್ಣಿನಲ್ಲಿ ಮಲಯಾಳ ನೋಡುತ್ತಾ ಬಾಯಿಯಲ್ಲಿ ಕನ್ನಡ ಹೇಳುತ್ತಿದ್ದೆ. ಕಸ ಗುಡಿಸುವಾಗ ಇಲ್ಲದ ಗತ್ತು ಆ ಹತ್ತು ನಿಮಿಷ ನನಗೆ ಬರುತ್ತಿತ್ತು.

ನನ್ನ ತಂಗಿ ಗಿರಿಜ ಆಗ ಅದೇ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಳು. ಇಲ್ಲಿ ಹೆಸರು ಬದಲಿಸಬೇಡ ಎಂದು ಅವಳೇ ಹೇಳಿದ್ದಾಳೆ. ಲೆಕ್ಕದಲ್ಲಿ ಅವಳು ಎಷ್ಟು ಚುರುಕು ಎಂದರೆ ಮಾಷ್ಟ್ರು ಬೋರ್ಡಿನಲ್ಲಿ ಪ್ರಶ್ನೆ ಬರೆದು ಮುಗಿಸುವ ಮೊದಲು ಉತ್ತರ ಹೇಳಿ ಬೈಸಿಕೊಳ್ಳುತ್ತಿದ್ದಳು.

ಆ ವರ್ಷ ಫೆಬ್ರವರಿಯಲ್ಲಿ ಒಂದು ಸರ್ಕ್ಯುಲರ್ ಬಂತು. ಬೇಸಿಗೆ ರಜೆಯಲ್ಲಿ ಮೂರು ವಾರ ಗಣಿತ, ವಿಜ್ಞಾನದ ಶಿಬಿರ. ಒಂದು ಶಾಲೆಯಿಂದ ಒಬ್ಬ ವಿದ್ಯಾರ್ಥಿ. ಊಟ, ವಸತಿ, ಬಸ್ಸಿನ ಖರ್ಚು ಎಲ್ಲ ಅವರದ್ದೇ. ಅಷ್ಟು ಓದುವಾಗಲೇ ಮಾಷ್ಟ್ರು ಮೇಜು ತಟ್ಟಿ, "ಇದು ಗಿರಿಜಳಿಗೇ," ಎಂದರು. ಆಫೀಸಿನಲ್ಲಿ ಮತ್ತೆ ಮೂರು ಮಂದಿ ಅಧ್ಯಾಪಕರಿದ್ದರು. ಮಾಷ್ಟ್ರು ಖುಷಿಯಲ್ಲಿ ನನ್ನ ಕಡೆ ತಿರುಗಿ, "ನಿನ್ನ ತಂಗಿ ಅಂತ ಹೇಳಿದರೆ ಯಾರೂ ನಂಬಲಿಕ್ಕಿಲ್ಲ ಮಾರಾಯ. ಆ ತಲೆ ನಿಮ್ಮ ಮನೆಗೆ ಎಲ್ಲಿಂದ ಬಂತು?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ, ಇದು ನನಗೆ ಆಗಲೂ ಗೊತ್ತಿತ್ತು.

ಮುಂದಿನ ವಾಕ್ಯ, ತರಗತಿಗಳು ಮಲಯಾಳದಲ್ಲಿ ನಡೆಯುತ್ತವೆ ಎಂದಿತ್ತು. ಅದನ್ನು ಓದಿದೆ. ಅದರ ಕೆಳಗಿನ ಸಾಲು, ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದಲ್ಲಿ ಹೇಳಿಕೊಡಲು ಪ್ರತ್ಯೇಕ ಅಧ್ಯಾಪಕರು ಇರುತ್ತಾರೆ, ಮಕ್ಕಳು ಉತ್ತರಗಳನ್ನು ಕನ್ನಡದಲ್ಲೇ ಬರೆಯಬಹುದು ಎಂದಿತ್ತು. ಅದನ್ನು ಓದಲಿಲ್ಲ. ಕಣ್ಣು ಅದರ ಮೇಲೆ ಹಾದುಹೋಯಿತು, ಬಾಯಿ ಮುಂದಿನ ಸಾಲಿಗೆ ಹಾರಿತು. ಹೆತ್ತವರು ಅಥವಾ ಮನೆಯವರೊಬ್ಬರು ಜೊತೆಗೆ ಬಂದು ಬಿಡಬೇಕು, ಕೊನೆಯಲ್ಲಿ ಬಂದು ಕರೆದೊಯ್ಯಬೇಕು ಎಂಬುದನ್ನು ಮಾತ್ರ ಸ್ಪಷ್ಟವಾಗಿ ಓದಿದೆ.

ಗಿರಿಜಳಿಗೆ ಆಗ ಮಲಯಾಳದ ಒಂದಕ್ಷರವೂ ಬರುತ್ತಿರಲಿಲ್ಲ. ಮಾಷ್ಟ್ರು ಕನ್ನಡಕ ಹಾಕಿಕೊಂಡರು. "ಹಾಗಾದರೆ ಬೇಡ. ಅರ್ಥವಾಗದೆ ಮಗು ಅಲ್ಲಿ ಕೂತು ಅಳುವುದು ಬೇಡ," ಎಂದರು. ನಾನು ಕಾಗದವನ್ನು ಫೈಲಿಗೆ ಹಾಕಲಿಲ್ಲ. ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೆ.

ತುಂಬ ವರ್ಷ ನನಗೆ ನಾನೇ ಒಂದು ಕಾರಣ ಹೇಳಿಕೊಳ್ಳುತ್ತಿದ್ದೆ. ಆಗ ನನ್ನ ನೇಮಕಾತಿಗೆ ಇಲಾಖೆಯ ಅಪ್ರೂವಲ್ ಆಗಿರಲಿಲ್ಲ, ಶಾಲೆಯ ಮ್ಯಾನೇಜರರ ಹತ್ತಿರ ರಜೆ ಕೇಳಲು ಹೆದರಿಕೆ ಇತ್ತು, ಗಿರಿಜಳನ್ನು ಬಿಟ್ಟು ಬರಲು ರಜೆ ಬೇಕಿತ್ತು ಎಂದು. ಅದೂ ಇದ್ದದ್ದೇ. ಆದರೆ ಆ ಸಾಲನ್ನು ನುಂಗಿದ್ದು ಅದಕ್ಕಲ್ಲ. ಅವಳು ನನಗಿಂತ ಮೇಲೆ ಹೋಗುವುದನ್ನು ಎಲ್ಲರೂ ನಗುತ್ತಿರುವಾಗ ನನ್ನ ಬಾಯಿಯಿಂದಲೇ ಓದಿ ಹೇಳಬೇಕಾಗಿತ್ತು. ಅದು ನನ್ನಿಂದ ಆಗಲಿಲ್ಲ.

ಹತ್ತನೆಯದನ್ನು ಅವಳು ಒಳ್ಳೆಯ ಅಂಕದಲ್ಲೇ ಪಾಸು ಮಾಡಿದಳು. ಮತ್ತೆ ಹೊಲಿಗೆ ಕಲಿತಳು. ಆ ಮೂರು ವಾರದಿಂದ ಅವಳು ದೊಡ್ಡ ಮನುಷ್ಯಳಾಗುತ್ತಿದ್ದಳು ಎಂದು ನಾನು ಹೇಳುವುದಿಲ್ಲ. ಆಗುತ್ತಿರಲಿಲ್ಲ ಎಂದು ಹೇಳುವ ಹಕ್ಕು ಮಾತ್ರ ನನಗಿಲ್ಲ.

ಇಲ್ಲಿಂದ ಮುಂದೆ ನಾನು ಮಾಡಿದ್ದು ಯಾರೂ ಹೇಳದ, ಸಂಬಳವಿಲ್ಲದ ಕೆಲಸ. ಮಕ್ಕಳಿಗೆ ಬೇಸಿಗೆಯ ಶಿಬಿರ ಹುಡುಕುವುದು. ಹಣವಿದ್ದವರ ಮಕ್ಕಳು ಮಂಗಳೂರಿಗೆ ಹೋಗುತ್ತಿದ್ದರು. ನಮ್ಮ ಶಾಲೆಯ ಮಕ್ಕಳ ಮನೆಗಳಲ್ಲಿ ಅದು ಸಾಧ್ಯವಿರಲಿಲ್ಲ. ಆದರೆ ಕಾಲೇಜುಗಳು, ವಿಜ್ಞಾನದ ಆಸಕ್ತಿಯ ಸಂಘಗಳು, ದೊಡ್ಡ ವಾಚನಾಲಯಗಳು ಎಪ್ರಿಲ್–ಮೇಯಲ್ಲಿ ಪುಕ್ಕಟೆ ಅಥವಾ ಊಟದ ಖರ್ಚು ಮಾತ್ರ ಕೇಳುವ ಶಿಬಿರ ನಡೆಸುತ್ತವೆ. ಅವು ಉಂಟು ಎಂಬುದು ನಮ್ಮ ಒಳಗಿನ ಶಾಲೆಗಳಿಗೆ ಗೊತ್ತಾಗುವಾಗ ಕೊನೆಯ ದಿನ ಕಳೆದಿರುತ್ತದೆ. ಸರ್ಕ್ಯುಲರ್ ಬರಲಿ ಎಂದು ಕಾದರೆ ಆಗುವುದಿಲ್ಲ ಎಂದು ತಿಳಿದ ಮೇಲೆ ನಾನು ಜನವರಿಯಿಂದಲೇ ಶುರು ಮಾಡುತ್ತಿದ್ದೆ. ತಪಾಲು ಕೊಡಲು ಕಾಸರಗೋಡಿನ ಇಲಾಖೆಯ ಆಫೀಸಿಗೆ ಹೋದಾಗ ಅಲ್ಲಿಯ ಗುಮಾಸ್ತರೊಬ್ಬರ ಮೇಜಿನ ಹತ್ತಿರ ನಿಂತು, ಶಿಬಿರದ ಕಾಗದ ಇನ್ನೂ ಟೈಪಾಗದೆ ಇರುವುದು ಎಂತಾದರೂ ಉಂಟಾ ಎಂದು ಕೇಳುವುದು. ಅವರು ಮೊದಮೊದಲು ಗದರಿಸುತ್ತಿದ್ದರು. ಬರುಬರುತ್ತಾ, "ಶಿಬಿರದವನು ಬಂದ," ಎಂದು ಹೇಳಿ ತಾವೇ ಹುಡುಕಿಕೊಡಲು ಶುರು ಮಾಡಿದರು.

ನಾನು ಮೊದಲು ಕಳಿಸಿದ ಹುಡುಗ ಹರೀಶ. ಪಯ್ಯನ್ನೂರಿನ ಕಡೆ ಒಂದು ವಾರದ ಶಿಬಿರ. ಎರಡನೆಯ ದಿನ ಸಂಜೆಯೇ ಚೀಲ ಹೊತ್ತುಕೊಂಡು ವಾಪಸು ಬಂದ. ಅಲ್ಲಿ ಎಲ್ಲವೂ ಮಲಯಾಳ. ಹತ್ತಿರ ಕೂತವನು ಎಂತ ಕೇಳಿದರೂ ಇವನು ತಲೆ ಆಡಿಸಿದ್ದಾನೆ. ತಲೆ ಆಡಿಸಿದ್ದಕ್ಕೆ ಇವನನ್ನೇ ವೇದಿಕೆಗೆ ಕರೆದಿದ್ದಾರೆ. ಬೆಳಗ್ಗೆ ಎದ್ದು ಬಸ್ಸು ಹತ್ತಿದ್ದಾನೆ. ಒಮ್ಮೆ ಸಾಲು ಬಿಟ್ಟು ತಂಗಿಯನ್ನು ತಡೆದವನು, ಇನ್ನೊಮ್ಮೆ ಆ ಸಾಲು ಇದೆಯೇ ಎಂದು ನೋಡದೆ ಈ ಹುಡುಗನನ್ನು ಕಳಿಸಿದ್ದೆ. ಆಮೇಲೆ ಯಾವ ಶಿಬಿರಕ್ಕೂ ಮೊದಲು ಫೋನು ಮಾಡದೆ ಕಳಿಸಿದ್ದಿಲ್ಲ. ಕನ್ನಡ ಬರುವವರು ಒಬ್ಬರಾದರೂ ಉಂಟಾ, ಹೆಣ್ಣು ಮಕ್ಕಳು ಮಲಗುವ ಕೋಣೆಗೆ ಒಳಗಿನಿಂದ ಚಿಲಕ ಉಂಟಾ, ಕೊನೆಯ ದಿನ ಎಷ್ಟು ಗಂಟೆಗೆ ಬಿಡುತ್ತೀರಿ, ಬದಿಯಡ್ಕಕ್ಕೆ ಕೊನೆಯ ಬಸ್ಸು ಸಿಗಬೇಕಲ್ಲ. ಪ್ಯೂನ್ ಒಬ್ಬ ಇಷ್ಟು ಕೇಳುತ್ತಾನಲ್ಲ ಎಂದು ಕೆಲವರಿಗೆ ಸಿಟ್ಟು ಬರುತ್ತಿತ್ತು. ಬರಲಿ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಒಂದು ವರ್ಷ ಮಂಗಳೂರಿನಲ್ಲಿ ಪುಕ್ಕಟೆ ವಿಜ್ಞಾನ ಶಿಬಿರ ಎಂಬ ಬಣ್ಣದ ಕಾಗದ ಸಿಕ್ಕಿತು. ನಾಲ್ಕು ಮಕ್ಕಳನ್ನು ಹೊಸಂಗಡಿಯಿಂದ ಬಸ್ಸು ಹತ್ತಿಸಿ ನಾನೇ ಕರೆದುಕೊಂಡು ಹೋದೆ. ಮೂರು ದಿನ ಎಲ್ಲ ಚೆನ್ನಾಗಿತ್ತು. ನಾಲ್ಕನೆಯ ದಿನ ಹೆತ್ತವರನ್ನು ಕರೆಸಿದರು. ಮಕ್ಕಳು ಡಾಕ್ಟರಾಗಬೇಕಾದರೆ ಎರಡು ವರ್ಷದ ಕೋಚಿಂಗಿಗೆ ಇವತ್ತೇ ಸಹಿ ಹಾಕಿ ಎಂದರು. ಗಾರೆ ಕೆಲಸದ ಒಬ್ಬರು ಪೆನ್ನು ಹಿಡಿದುಕೊಂಡಿದ್ದರು. ಕೈಯಿಂದ ಪೆನ್ನು ತೆಗೆದದ್ದು ನಾನಲ್ಲ, ಅವರ ಮಗಳು. ಪುಕ್ಕಟೆ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದರೆ ಅದರ ಕೆಳಗಿನ ಸಣ್ಣ ಅಕ್ಷರವನ್ನು ಓದಬೇಕು. ಓದಲು ಬರುತ್ತದೆ ಎಂಬ ಗತ್ತಿನಲ್ಲಿ ನಾನು ಅದನ್ನು ನೋಡಿರಲಿಲ್ಲ. ನಾಲ್ಕು ಮನೆಗೂ ಹೋಗಿ ತಪ್ಪಾಯಿತು ಎಂದು ಹೇಳಿ ಬಂದೆ. ಒಂದು ಮನೆಯಲ್ಲಿ ಚಹಾ ಕೊಟ್ಟರು, ಮೂರು ಮನೆಯಲ್ಲಿ ಕೊಡಲಿಲ್ಲ.

ಈಗ ಮೈಮೂನಳ ಕತೆ. ಎಂಟನೆಯ ತರಗತಿಯಲ್ಲಿದ್ದ ಬ್ಯಾರಿ ಹುಡುಗಿ. ಅವಳ ತಂದೆ ಮಂಜೇಶ್ವರದಲ್ಲಿ ಒಣಮೀನಿನ ವ್ಯಾಪಾರಿ. ಅವಳಿಗೆ ಹತ್ತು ದಿನದ ಒಂದು ಒಳ್ಳೆಯ ಗಣಿತ, ವಿಜ್ಞಾನ ಶಿಬಿರದಲ್ಲಿ ಜಾಗ ಸಿಕ್ಕಿತ್ತು. ಕನ್ನಡ ಬರುವ ಟೀಚರ್ ಇದ್ದಾರೆ, ಚಿಲಕ ಇದೆ, ಎಲ್ಲ ವಿಚಾರಿಸಿದ್ದೆ. ತಂದೆ ಒಪ್ಪಲಿಲ್ಲ. ಅಂಗಡಿಯಲ್ಲಿ ಮೀನು ತೂಗುತ್ತಲೇ, "ಬೇರೆಯವರ ಮಕ್ಕಳಾದರೆ ಹೇಳುವುದು ಸುಲಭ ಸಂಜೀವಣ್ಣ. ನಿಮ್ಮ ತಂಗಿಯನ್ನು ಹೀಗೆ ಕಳಿಸುತ್ತಿದ್ದಿರಾ?" ಎಂದರು.

"ಕಳಿಸಲಿಲ್ಲ," ಎಂದೆ. "ಕಳಿಸಬೇಕಿತ್ತು."

ಅವರು ತಕ್ಕಡಿ ಕೆಳಗಿಟ್ಟು ನನ್ನನ್ನು ನೋಡಿದರು. ತಾಯಿ ಜೊತೆಗೆ ಇರುವುದಾದರೆ ನೋಡುವ ಎಂದರು. ತಾಯಿಯನ್ನು ಶಿಬಿರಕ್ಕೆ ಸೇರಿಸುವವರು ಯಾರು? ಆದರೂ ನಾನು ಮಲಯಾಳದಲ್ಲಿ ಒಂದು ಪತ್ರ ಬರೆದೆ. ಹುಡುಗಿಯ ತಾಯಿ ಬೀಫಾತಿಮ್ಮ ಅಡುಗೆಗೆ ಸಹಾಯ ಮಾಡುತ್ತಾರೆ, ಮಗಳ ಜೊತೆ ಮಲಗಲು ಜಾಗ ಕೊಟ್ಟರೆ ಸಾಕು ಎಂದು. ಅವರು ಒಪ್ಪಿದರು. ಬೀಫಾತಿಮ್ಮ ಬೆಳಗ್ಗೆ ಪತ್ತಿರ್ ಎಂಬ ಅಕ್ಕಿರೊಟ್ಟಿ ತಟ್ಟಿ, ಮಧ್ಯಾಹ್ನದ ಪಾತ್ರೆ ತೊಳೆದು, ಮತ್ತೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರಂತೆ. ಶಿಬಿರ ಮುಗಿದ ಮೇಲೆ ಕರೆದುಕೊಂಡು ಬರಲು ಹೋದ ನನಗೆ, ಚಂದ್ರ ಯಾಕೆ ಸಣ್ಣದಾಗುತ್ತದೆ ಎಂದು ರೈಲಿನಲ್ಲಿ ಒಂದು ಕಿತ್ತಳೆ ಹಿಡಿದು ಹೇಳಿಕೊಟ್ಟವರು ಮಗಳಲ್ಲ, ತಾಯಿ. ಮಂಜೇಶ್ವರ ಸ್ಟೇಷನಿನಲ್ಲಿ ಇಳಿಯುವಾಗ ಆ ಕಿತ್ತಳೆಯನ್ನು ಸುಲಿದು ಮೂವರಿಗೂ ಹಂಚಿದರು.

ಮೈಮೂನ ಗಣಿತದಲ್ಲಿ ಎಂ.ಎಸ್ಸಿ. ಮಾಡಿದಳು. ನನ್ನ ಕೆಲಸದ ಕೊನೆಯ ವರ್ಷಗಳಲ್ಲಿ ನಮ್ಮ ಶಾಲೆಗೇ ಲೆಕ್ಕದ ಟೀಚರಾಗಿ ಬಂದಳು. ನಾನು ಗಂಟೆ ಬಾರಿಸಿದರೆ ಅವಳು ತರಗತಿಗೆ ಹೋಗುವುದು. ಟೀಚರ್ ಎಂದು ಕರೆದರೆ, "ನೀವು ಹಾಗೆ ಕರೆಯಬೇಡಿ ಸಂಜೀವಣ್ಣ, ನನಗೆ ನಗೆ ಬರುತ್ತದೆ," ಎನ್ನುತ್ತಿದ್ದಳು.

ಅಷ್ಟರಲ್ಲಿ ಕೆಲಸದ ರೀತಿ ಬದಲಾಗಿತ್ತು. ಸರ್ಕ್ಯುಲರುಗಳು ಫೋನಿಗೆ ಬರತೊಡಗಿದವು. ಬೆಳಗ್ಗೆಯಿಂದ ಸಂಜೆಯವರೆಗೆ ಬೀಳುತ್ತವೆ. ಶಿಬಿರದ ಸುದ್ದಿ ಹುಟ್ಟುಹಬ್ಬದ ಹೂಗುಚ್ಛದ ಚಿತ್ರಗಳ ನಡುವೆ ಕಳೆದುಹೋಗುತ್ತದೆ. ಪ್ರಶಾಂತ ಮಲಯಾಳದ ಕಾಗದಕ್ಕೆ ಫೋನು ಹಿಡಿದರೆ ಅದು ಕನ್ನಡವಾಗುತ್ತದೆ. ಅದನ್ನು ಮೊದಲು ನೋಡಿದಾಗ ನನಗೆ ಸಮಾಧಾನವಾಯಿತು. ಇನ್ನು ನನ್ನಂಥವನೊಬ್ಬ ನಡುವೆ ಕೂತು ಸಾಲು ನುಂಗಲು ಆಗುವುದಿಲ್ಲ. ಆದರೆ ಪ್ರಶಾಂತ, ಫೋನು ಓದಿದರೆ ಸಾಲದು. ಅದು ಎಲ್ಲವನ್ನೂ ಒಂದೇ ಧ್ವನಿಯಲ್ಲಿ ಹೇಳುತ್ತದೆ. ಯಾವ ಸಾಲು ಯಾವ ಮಗುವಿನದು ಎಂದು ನೀನೇ ನೋಡಬೇಕು.

ಕಳೆದ ಬೇಸಿಗೆಗೆ ಮುಂಚೆ, ನಾನು ನಿವೃತ್ತನಾದ ಮೇಲೆ, ಮೈಮೂನ ನಮ್ಮ ಮನೆಗೆ ಬಂದಳು. ಮಕ್ಕಳನ್ನು ಬೇರೆ ಊರಿಗೆ ಕಳಿಸಿದ್ದು ಸಾಕು, ನಮ್ಮ ಶಾಲೆಯಲ್ಲೇ ಹತ್ತು ದಿನದ ಶಿಬಿರ ಮಾಡುವ, ಪೂರ್ತಿ ಕನ್ನಡದಲ್ಲಿ ಎಂದಳು. ಯಾರಿಂದಲೂ ಹಣ ತೆಗೆಯುವುದಿಲ್ಲ, ಮನೆಗಳಿಂದ ಅಕ್ಕಿ, ಹಲಸು, ತೆಂಗಿನಕಾಯಿ ಬರಲಿ ಎಂದಳು. ಶಾಲೆಯ ಹಿಂದಿನ ಗುಡ್ಡದಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಹಳೆಯ ಸುರಂಗ ಉಂಟಲ್ಲ, ಹೊರಗೆ ನಿಂತೇ ಅದರ ಉದ್ದ ಎಷ್ಟು ಎಂದು ಮಕ್ಕಳು ಲೆಕ್ಕ ಹಾಕಬೇಕು, ಒಂದು ಕೊಡ ತುಂಬಲು ಎಷ್ಟು ಹೊತ್ತು ಬೇಕೆಂದು ಅಳೆದು ಒಂದು ದಿನದ ನೀರು ಹೇಳಬೇಕು. ಕೇಳಿ ನನಗೇ ಶಾಲೆಗೆ ಸೇರುವ ಆಸೆಯಾಯಿತು.

"ಮತ್ತೆ ಒಂದು ದಿನ ಹೊಲಿಗೆ," ಎಂದಳು. "ಚಪ್ಪಟೆ ಬಟ್ಟೆ ಉರುಟಾದ ಭುಜದ ಮೇಲೆ ಸುಕ್ಕಿಲ್ಲದೆ ಕೂರುವುದು ಹೇಗೆ ಅಂತ. ಅದು ದೊಡ್ಡ ಗಣಿತ. ನಿಮ್ಮ ತಂಗಿ ಹೊಸಂಗಡಿಯಲ್ಲಿ ಟೈಲರ್ ಅಲ್ವಾ? ನನ್ನ ಚೂಡಿದಾರಕ್ಕೆ ಅವರು ಅಳತೆ ತೆಗೆದು ಬರೆದುಕೊಳ್ಳುವುದೇ ಇಲ್ಲ, ಎಲ್ಲ ತಲೆಯಲ್ಲಿ. ಅವರನ್ನು ಕರೆದುಕೊಂಡು ಬನ್ನಿ."

ಆಯಿತು ಎಂದೆ. ಆದರೆ ಗಿರಿಜಳನ್ನು ಗಣಿತ ಶಿಬಿರಕ್ಕೆ ಕರೆಯಲು ನನ್ನ ಬಾಯಿ ಹೇಗೆ ಏಳಬೇಕು? ಹೇಳದೆ ಕರೆದರೆ ಅದು ಎರಡನೆಯ ಸಲ ಸಾಲು ಬಿಟ್ಟ ಹಾಗೆ. ಹೇಳಿದರೆ ಅವಳು ಬರುವುದೂ ಇಲ್ಲ, ಬಹುಶಃ ನನ್ನ ಹತ್ತಿರ ಮಾತಾಡುವುದೂ ಇಲ್ಲ. ಒಡಹುಟ್ಟಿದವಳು ಎಂದು ನನಗೆ ಇರುವುದು ಅವಳೊಬ್ಬಳು. ನಾಲ್ಕು ದಿನ ಹೊಸಂಗಡಿಯವರೆಗೆ ಹೋಗಿ ವಾಪಸು ಬಂದೆ. ಐದನೆಯ ದಿನ ಆ ಹಳೆಯ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಮೆಟ್ಟಿಲು ಹತ್ತಿದೆ.

ಅವಳ ಅಂಗಡಿ ಜಂಕ್ಷನಿನ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿ. ಮಧ್ಯಾಹ್ನ, ಅವಳೊಬ್ಬಳೇ ಇದ್ದಳು. ಎಂತ ಅಣ್ಣ, ಈ ಬಿಸಿಲಿಗೆ ಎಂದು ಫ್ಯಾನು ನನ್ನ ಕಡೆ ತಿರುಗಿಸಿದಳು. ನಿಂತುಕೊಂಡೇ ಎಲ್ಲ ಹೇಳಿದೆ. ಮಾಷ್ಟ್ರ ಮಾತು, ನಗು, ನಾನು ಬಿಟ್ಟ ಸಾಲು. ಹೊಲಿಗೆ ಮೆಷಿನಿನ ಚಕ್ರ ನಿಂತಿತು.

"ಕಾಗದ ಉಂಟಾ?" ಎಂದಳು.

"ಉಂಟು."

"ಓದು."

ಓದಿದೆ. ಅಂದು ಮಾಷ್ಟ್ರ ಮುಂದೆ ಓದಿದ ಹಾಗೆಯೇ, ಕಣ್ಣಿನಲ್ಲಿ ಮಲಯಾಳ, ಬಾಯಿಯಲ್ಲಿ ಕನ್ನಡ. ಆ ಸಾಲು ಓದಿ ನಿಲ್ಲಿಸಿದೆ. ಅವಳು ಬಟ್ಟೆಯ ಮೇಲಿನ ಕಣ್ಣು ಎತ್ತದೆ, "ಅಲ್ಲಿ ನಿಲ್ಲಿಸಬೇಡ. ಪೂರ್ತಿ ಓದು," ಎಂದಳು. ಮುಗಿಯುವವರೆಗೆ ಓದಿದೆ. ವಿದ್ಯಾರ್ಥಿಯು ಎರಡು ಜೊತೆ ಬಟ್ಟೆ, ಒಂದು ನೋಟ್‌ಬುಕ್ಕು, ಅಡಿಪಟ್ಟಿ ಮತ್ತು ಕಂಪಾಸು ಪೆಟ್ಟಿಗೆ ತರತಕ್ಕದ್ದು ಎಂಬುದು ಕಡೆಯ ವಾಕ್ಯ.

"ಕಂಪಾಸು ಪೆಟ್ಟಿಗೆ ಆಗ ನನ್ನಲ್ಲಿ ಇತ್ತು ಅಣ್ಣ," ಎಂದಳು. "ಮಾಷ್ಟ್ರೇ ಕೊಟ್ಟದ್ದು."

ಕೆಳಗೆ ಬಸ್ಸಿನವರು ಊರುಗಳ ಹೆಸರು ಕೂಗುತ್ತಿದ್ದರು. ಅವಳು ಒಂದು ನೂಲನ್ನು ಹಲ್ಲಿನಲ್ಲಿ ಕಡಿದಳು.

"ಮಾಷ್ಟ್ರು ನನ್ನ ಹತ್ತಿರ ಹೇಳಿದ್ದರು, ನಿನಗೆ ಮಲಯಾಳ ಬರುವುದಿಲ್ಲವಲ್ಲ ಮಗಾ, ಅದಕ್ಕೆ ಕಳಿಸಲಿಲ್ಲ ಅಂತ. ಮರುವರ್ಷ ಕೂತು ಕಲಿತೆ. ಮುಂದಿನ ಸಲ ಬಂದರೆ ಇರಲಿ ಅಂತ. ನಿನಗೆ ಅದು ಗೊತ್ತಿಲ್ಲ." ನನ್ನ ಕೈಯಿಂದ ಕಾಗದ ತೆಗೆದುಕೊಂಡು ಅವಳೇ ಒಮ್ಮೆ ಓದಿದಳು, ತುಟಿ ಅಲ್ಲಾಡಿಸದೆ, ನನಗಿಂತ ಬೇಗ. ಮಡಚಿ ತನ್ನ ಡ್ರಾಯರಿನಲ್ಲಿ ಇಟ್ಟಳು. "ಇದು ನನ್ನದು. ಇಲ್ಲಿರಲಿ."

ಶಿಬಿರದ ಮಾತು ಎತ್ತಿದೆ. "ನೋಡುವ. ನೀನು ಈಗ ಹೋಗು," ಎಂದಳು. ಮೆಟ್ಟಿಲಿನ ಕೆಳಗಿನವರೆಗೂ ಕಿವಿಗೊಟ್ಟೆ. ಮೆಷಿನು ಶುರುವಾಗಲಿಲ್ಲ.

ಮುಂದಿನ ಎರಡು ವಾರ ಅವಳ ಫೋನು ಬರಲಿಲ್ಲ. ನಾನೂ ಮಾಡಲಿಲ್ಲ. ಹೊಲಿಗೆಯ ಪಾಠ ಮಧ್ಯದ ಒಂದು ದಿನಕ್ಕೆ ಇತ್ತು. ಅಷ್ಟರೊಳಗೆ ಬೇರೆ ಯಾರನ್ನಾದರೂ ಹುಡುಕು ಎಂದು ಮೈಮೂನಳಿಗೆ ಹೇಳಬೇಕೆಂದಿದ್ದೆ, ಹೇಳಿರಲಿಲ್ಲ.

ಶಿಬಿರದ ಮೊದಲನೆಯ ದಿನ ಬೆಳಗ್ಗೆ ನಾನೂ ಪ್ರಶಾಂತನೂ ಬೆಂಚು ಜೋಡಿಸುತ್ತಿದ್ದೆವು. ಮಕ್ಕಳು ಹಲಸಿನಕಾಯಿ, ಅಕ್ಕಿಯ ಚೀಲ ಹಿಡಿದು ಬರುತ್ತಿದ್ದರು. ಮೊದಲ ಜೀಪಿನಿಂದ ಗಿರಿಜ ಇಳಿದಳು. ಕೈಯಲ್ಲಿ ದೊಡ್ಡ ಚೀಲ. ಮೈಮೂನ ಓಡಿಹೋಗಿ, ನಿಮ್ಮ ಪಾಠ ಐದನೆಯ ದಿನ ಅಕ್ಕ, ದಿನ ತಪ್ಪಾಯಿತಾ ಎಂದು ಕೇಳಿದಳು.

"ದಿನ ತಪ್ಪಲಿಲ್ಲ ಟೀಚರ್," ಎಂದಳು ಗಿರಿಜ. "ಹತ್ತು ದಿನ ಅಂಗಡಿಗೆ ಬೀಗ ಹಾಕಿದ್ದೇನೆ."

ನನ್ನ ಕಡೆ ನೋಡಲಿಲ್ಲ. ಹಾಜರಿ ಪುಸ್ತಕ ನನ್ನ ಕೈಯಲ್ಲಿತ್ತು. ಮೊದಲ ಪುಟದಲ್ಲಿ ಪಾಠ ಮಾಡುವವರ ಹೆಸರು, ಎರಡನೆಯದರಲ್ಲಿ ಮಕ್ಕಳದ್ದು. ಮೊದಲ ಪುಟ ತೆರೆದು, ಅವಳ ಹೆಸರಿಗೆಂದು ಬಿಟ್ಟಿದ್ದ ಜಾಗದ ಮೇಲೆ ಬೆರಳಿಟ್ಟು ಮುಂದೆ ಹಿಡಿದೆ. ಅವಳು ಅಲ್ಲಿ ಸಹಿ ಹಾಕಿದಳು. ಮತ್ತೆ ನನ್ನ ಬೆರಳನ್ನು ಪಕ್ಕಕ್ಕೆ ಸರಿಸಿ ಹಾಳೆ ತಿರುವಿದಳು. ಮಕ್ಕಳ ಹೆಸರುಗಳು ಮುಗಿದ ಕಡೆ, ಚೀಲದಿಂದ ಹೊಸ ಕಂಪಾಸು ಪೆಟ್ಟಿಗೆ ತೆಗೆದು, ಅದರೊಳಗಿನ ಪೆನ್ಸಿಲಿನಿಂದ ಗಿರಿಜ ಎಂದು ಬರೆದಳು. ಶಾಲೆ ಎಂದಿದ್ದಲ್ಲಿ ನಮ್ಮ ಶಾಲೆಯ ಹೆಸರು ಬರೆದಳು. ತರಗತಿ ಎಂದಿದ್ದಲ್ಲಿ ಸ್ವಲ್ಪ ನಿಂತು, ಒಂಬತ್ತು ಎಂದು ಬರೆದು ಪುಸ್ತಕವನ್ನು ನನಗೆ ಕೊಟ್ಟಳು.

"ಓದು," ಎಂದಳು.

ಎಲ್ಲ ಮಕ್ಕಳಿಗೂ ಕೇಳುವ ಹಾಗೆ, ಮೊದಲಿನಿಂದ ಕೊನೆಯ ಹೆಸರಿನವರೆಗೆ ಓದಿದೆ.